ನೊಗವೂ ಬಿಡುಗಡೆಯೂ: ಮಲಬಾರ್ ಆಚಾರಗಳ ವಿವಾದ

ನಮ್ಮ ದೇವಾಲಯದ ಕಟ್ಟಡ, ಗಂಟೆ, ಬಲಿಪೀಠಗಳ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ಇತರ ಲೇಖನಗಳು ಹೇಳುತ್ತವೆ. ನಾವು ಇಲ್ಲಿ ಹೇಳಹೊರಟಿರುವುದು ಕಲ್ಲುಗಾರೆಯಲ್ಲಿ ಕಾಣಸಿಗದ ಬೇರೊಂದು ಚರಿತ್ರೆಯನ್ನು. ನೂರು ವರ್ಷಗಳ ಹಿಂದೆ ಈ ಮೈಸೂರು ಸೀಮೆಗೆ ಧರ್ಮಪ್ರಚಾರಕರಾಗಿ ಬಂದ ಗುರುಗಳು ಸೇವೆಗೆ ತೊಡಗುವ ಮುನ್ನ ಒಂದು ಪ್ರಮಾಣವಚನವನ್ನು ಸ್ವೀಕರಿಸಬೇಕಾಗಿತ್ತು. ಅದು ವಿಶ್ವಾಸದ ಪ್ರಮಾಣವಲ್ಲ. ಇಲ್ಲಿನ ಜನರ ಕೆಲವು ಆಚಾರಗಳನ್ನು ತಾವು ಎಂದಿಗೂ ಒಪ್ಪುವುದಿಲ್ಲ, ಅವುಗಳ ಬಗೆಗೆ ರೋಮಾಪುರಿ ಕೊಟ್ಟ ತೀರ್ಪನ್ನು ಅಕ್ಷರಶಃ ಪಾಲಿಸುತ್ತೇವೆ ಎಂಬ ಪ್ರಮಾಣ. 1739ರಲ್ಲಿ ವಿಧಿಸಲ್ಪಟ್ಟ ಈ ಪ್ರಮಾಣ 1940ರಲ್ಲಿ ರದ್ದಾಯಿತು. ಸರಿಸುಮಾರು ಇನ್ನೂರು ವರ್ಷ! ನಮ್ಮ ಹಿರಿಯರಿಗೆ ಜ್ಞಾನಸ್ನಾನವಿತ್ತ, ಅವರ ಮದುವೆಗಳನ್ನು ಆಶೀರ್ವದಿಸಿದ ಕೈಗಳು ಈ ಕಟ್ಟಿಗೆ ಒಳಗಾದ ಕೈಗಳೇ ಆಗಿದ್ದವು. ಈ ಕಟ್ಟು ಹೇಗೆ ಬಂತು, ಅದರಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂಬುದನ್ನು ತಿಳಿಯುವುದು ನಮಗೆ ಅಗತ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಪ್ರೇಷಿತರ ಕಾಲಕ್ಕೆ ಹೋಗೋಣ. ಅಂತಿಯೋಕ್ಯದ ಧರ್ಮಸಭೆಯಲ್ಲಿ ಅನ್ಯಜನಾಂಗದವರು ಕ್ರಿಸ್ತರನ್ನು ವಿಶ್ವಾಸಿಸತೊಡಗಿದಾಗ, ಜುದೇಯದಿಂದ ಬಂದ ಕೆಲವರು ಸುನ್ನತಿಯಿಲ್ಲದೆ ರಕ್ಷಣೆಯಿಲ್ಲವೆಂದು ಹಟ ಹಿಡಿದರು. ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ಸೇರಿದ ಸಭೆ ಈ ವ್ಯಾಜ್ಯವನ್ನು ಬಗೆಹರಿಸಿತು. ಪ್ರೇಷಿತರ ಕಾರ್ಯಕಲಾಪಗಳ ಹದಿನೈದನೆಯ ಅಧ್ಯಾಯದಲ್ಲಿ ನಾವು ಗಮನಿಸಬೇಕಾದದ್ದು ತೀರ್ಪನ್ನು ಮಾತ್ರವಲ್ಲ, ಅದು ಬಂದ ಬಗೆಯನ್ನು. ದೀರ್ಘ ಚರ್ಚೆ ನಡೆಯಿತು. ತಮ್ಮ ಪೂರ್ವಜರೂ ತಾವೂ ಹೊರಲಾರದ ನೊಗವನ್ನು ಈ ಹೊಸಬರ ಹೆಗಲಿಗೇಕೆ ಹೇರಬೇಕೆಂದು ಸಂತ ಪೇತ್ರರು ಕೇಳಿದರು. ಬರ್ನಬ, ಪೌಲರು ಅನ್ಯಜನರ ನಡುವೆ ತಾವು ಕಣ್ಣಾರೆ ಕಂಡದ್ದನ್ನು ಹೇಳಿದರು. ಸಭೆ ಮೌನವಾಗಿ ಆಲಿಸಿತು. ಬಳಿಕ ಯಕೋಬರು ನಾಲ್ಕೇ ನಾಲ್ಕು ನಿಯಮಗಳನ್ನು ಉಳಿಸಿ ಮಿಕ್ಕ ಹೊರೆಯನ್ನೆಲ್ಲ ಇಳಿಸಿದರು. ಉಳಿದ ನಾಲ್ಕರಲ್ಲಿ ಮೂರು ಆಹಾರಕ್ಕೆ ಸಂಬಂಧಿಸಿದವು. ಯೆಹೂದ್ಯ ಸೋದರನೂ ಅನ್ಯಜನಾಂಗದ ಸೋದರನೂ ಒಂದೇ ಪಂಕ್ತಿಯಲ್ಲಿ ಕುಳಿತುಣ್ಣಲು ಬೇಕಾದಷ್ಟು ಮಾತ್ರ. ಆ ಪಂಕ್ತಿಯನ್ನು ಪೇತ್ರರೇ ಒಮ್ಮೆ ಅಂತಿಯೋಕ್ಯದಲ್ಲಿ ಮುರಿದು ಹಿಂದೆ ಸರಿದಾಗ ಪೌಲರು ಅವರನ್ನು ಎಲ್ಲರೆದುರಿಗೇ ಎದುರಿಸಿದರು. ಅದೇ ಪೌಲರು ಕೊರಿಂಥದವರಿಗೆ ಬರೆಯುವಾಗ, ವಿಗ್ರಹಕ್ಕಿಟ್ಟ ಮಾಂಸವನ್ನು ತಿಂದರೆ ತಪ್ಪೇನೂ ಇಲ್ಲವಾದರೂ ಬಲಹೀನ ಸೋದರನ ಮನಸ್ಸಿಗೆ ಅದು ಅಡ್ಡಿಯಾಗುವುದಾದರೆ ತಾವು ಮಾಂಸವನ್ನೇ ಮುಟ್ಟುವುದಿಲ್ಲ ಎಂದರು. ಸ್ವಾತಂತ್ರ್ಯದ ಮಹಾಪ್ರೇಷಿತರಿಗೆ ಸ್ವಾತಂತ್ರ್ಯದ ಎಲ್ಲೆಯೂ ತಿಳಿದಿತ್ತು. ಆ ಎಲ್ಲೆ ಕಾನೂನಿನ ಪುಸ್ತಕವಲ್ಲ. ಪಕ್ಕದಲ್ಲಿ ಕುಳಿತ ದುರ್ಬಲನು.

ಈಗ ನಮ್ಮ ನಾಡಿನ ಕಡೆ ಬರೋಣ. 1606ರಲ್ಲಿ ರೊಬೆರ್ತೊ ದೆ ನೊಬಿಲಿ ಎಂಬ ಯೇಸುಸಭೆಯ ಇಟಲಿಯ ಗುರುಗಳು ಮಧುರೆಗೆ ಬಂದರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಮಧುರೆಯಲ್ಲಿ ಅದಾಗಲೇ ಗೊನ್ಸಾಲೊ ಫೆರ್ನಾಂದಿಸ್ ಎಂಬ ವೃದ್ಧ ಪೋರ್ಚುಗೀಸ್ ಗುರುಗಳಿದ್ದರು. ಕರಾವಳಿಯಿಂದ ಬಂದುಹೋಗುತ್ತಿದ್ದ ಪರವ ಕ್ರೈಸ್ತರಿಗೂ ಪೋರ್ಚುಗೀಸರಿಗೂ ಅವರು ಭಕ್ತಿಯಿಂದ ಸೇವೆ ಸಲ್ಲಿಸುತ್ತಿದ್ದರು. ಆದರೆ ಊರಿನ ಜನ ಅವರ ಬಳಿ ಸುಳಿಯುತ್ತಿರಲಿಲ್ಲ. ಕಾರಣ ಸರಳ: ಕ್ರೈಸ್ತನಾಗುವುದೆಂದರೆ ಪರಂಗಿ ಕುಲಕ್ಕೆ ಸೇರುವುದು ಎಂದೇ ಎಲ್ಲರೂ ತಿಳಿದಿದ್ದರು. ಪರಂಗಿಯ ಊಟ, ಪರಂಗಿಯ ಉಡುಪು, ಪರಂಗಿಯ ಹೆಸರು, ಇವು ಶುಭಸಂದೇಶಕ್ಕೆ ಅಂಟಿಕೊಂಡು ಬಂದಿದ್ದವು.

ದೆ ನೊಬಿಲಿಯವರು ಕಾವಿ ಉಟ್ಟರು, ಮಾಂಸ ಬಿಟ್ಟರು, ತಮಿಳು, ಸಂಸ್ಕೃತಗಳನ್ನು ಪಂಡಿತರಿಂದಲೇ ಕಲಿತರು, ಸನ್ಯಾಸಿಯಂತೆ ಬದುಕಿದರು. ತಮ್ಮಿಂದ ಜ್ಞಾನಸ್ನಾನ ಪಡೆದ ಬ್ರಾಹ್ಮಣರಿಗೆ ಜನಿವಾರ, ಶಿಖೆ, ಗಂಧ, ನಿತ್ಯಸ್ನಾನಗಳನ್ನು ಇಟ್ಟುಕೊಳ್ಳಲು ಅನುಮತಿಸಿದರು. ಇವು ಕುಲದ ಗುರುತುಗಳೇ ಹೊರತು ವಿಗ್ರಹಾರಾಧನೆಯಲ್ಲ ಎಂಬುದು ಅವರ ವಾದ. ಫೆರ್ನಾಂದಿಸರು ಇದನ್ನು ಸಹಿಸದೆ ಮೇಲಧಿಕಾರಿಗಳಿಗೆ ದೂರು ಬರೆದರು. 1619ರಲ್ಲಿ ಗೋವೆಯಲ್ಲಿ ಮಹಾಧರ್ಮಾಧ್ಯಕ್ಷರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು. ಬಹುಮಂದಿ ದೆ ನೊಬಿಲಿಯವರ ವಿರುದ್ಧ ನಿಂತರು. ಕ್ರಾಂಗನೂರಿನ ಮಹಾಧರ್ಮಾಧ್ಯಕ್ಷರಾದ ಫ್ರಾನ್ಸಿಸ್ಕೊ ರೋಸ್‌ರವರು ಅವರ ಪರವಾಗಿ ನಿಂತರು. ವ್ಯಾಜ್ಯ ರೋಮಾಪುರಿಗೆ ಹೋಯಿತು. 1623ರ ಜನವರಿ 31ರಂದು ಜಗದ್ಗುರು 15ನೆಯ ಗ್ರೆಗೊರಿಯವರು, ಮೂಢನಂಬಿಕೆಯ ಅಂಶಗಳನ್ನು ತೆಗೆದುಹಾಕುವ ಷರತ್ತಿನ ಮೇಲೆ, ಆ ಆಚಾರಗಳಿಗೆ ಅನುಮತಿ ನೀಡಿದರು. ಅದೇ ಪತ್ರದಲ್ಲಿ, ಕುಲೀನರೆಂದು ಹೆಮ್ಮೆಪಡುವ ಹೊಸ ಕ್ರೈಸ್ತರು ಕೀಳೆಂದು ಕರೆಯಲ್ಪಡುವ ಸೋದರರನ್ನು ತಿರಸ್ಕರಿಸಬಾರದೆಂದು ಅವರು ಬೇಡಿಕೊಂಡರು. ಆಜ್ಞಾಪಿಸಬಲ್ಲ ಪೀಠದಲ್ಲಿ ಕುಳಿತು ಬೇಡಿಕೊಂಡರು ಎಂಬುದು ನಮಗೆ ಇಂದಿಗೂ ಮನಸ್ಸಿಗೆ ನಾಟುವ ಸಂಗತಿ. ಮೊದಲ ಭಾಗವನ್ನು ಎಲ್ಲರೂ ಸಂತೋಷದಿಂದ ಸ್ವೀಕರಿಸಿದರು. ಎರಡನೆಯದನ್ನು ಕೇಳಿದವರು ವಿರಳ.

ಈ ದಾರಿಯಲ್ಲೇ ನಮ್ಮ ಮೈಸೂರು ಧರ್ಮಪ್ರಾಂತದ ಬೀಜವೂ ಬಿತ್ತಲ್ಪಟ್ಟಿತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಸನ್ಯಾಸಿಯ ವೇಷ ಧರಿಸಿ, ಕನ್ನಡ ಕಲಿತು ಶುಭಸಂದೇಶವನ್ನು ಸಾರಿದರು. ತಮಿಳು ಸೀಮೆಯಲ್ಲಿ ಸಂತ ಜಾನ್ ದೆ ಬ್ರಿಟ್ಟೊರವರು ಪಂಡಾರಸ್ವಾಮಿಯ ವೇಷದಲ್ಲಿ ನಡೆದು 1693ರಲ್ಲಿ ಓರಿಯೂರಿನಲ್ಲಿ ರಕ್ತಸಾಕ್ಷಿಯಾದರು. ಇವರು ಯಾರೂ ಧರ್ಮಸಭೆಯ ಕಾನೂನನ್ನು ಧಿಕ್ಕರಿಸಿದವರಲ್ಲ. ರೋಮಾಪುರಿಯ ಧರ್ಮಪ್ರಚಾರ ಸಂಘವೇ 1659ರಲ್ಲಿ ಪೂರ್ವದೇಶಗಳಿಗೆ ಹೊರಟ ಧರ್ಮಪಾಲಕರಿಗೆ, ವಿಶ್ವಾಸಕ್ಕೂ ಸದಾಚಾರಕ್ಕೂ ಸ್ಪಷ್ಟವಾಗಿ ವಿರುದ್ಧವಲ್ಲದ ಜನರ ನಡೆನುಡಿಗಳನ್ನು ಬದಲಿಸಲು ಹೋಗಬೇಡಿ, ಫ್ರಾನ್ಸ್, ಸ್ಪೇನ್, ಇಟಲಿಗಳನ್ನು ಅಲ್ಲಿಗೆ ಹೊತ್ತೊಯ್ಯಬೇಡಿ ಎಂದು ಸೂಚಿಸಿತ್ತು.

ಹಾಗಿರುವಾಗ ಗಾಳಿ ತಿರುಗಿದ್ದು ಹೇಗೆ? ಬೇರೆ ಬೇರೆ ಸಭೆಗಳ ಗುರುಗಳ ನಡುವಿನ ಮಾತ್ಸರ್ಯ, ಚೀನಾದೇಶದಲ್ಲಿ ಪಿತೃಪೂಜೆಯ ಬಗೆಗೆ ನಡೆಯುತ್ತಿದ್ದ ಇಂಥದೇ ಕಲಹ, ಪಾಂಡಿಚೇರಿಯಿಂದ ಹೋದ ದೂರುಗಳು, ಎಲ್ಲವೂ ಕೂಡಿ ಜಗದ್ಗುರು 11ನೆಯ ಕ್ಲೆಮೆಂಟರು ತಮ್ಮ ಪ್ರತಿನಿಧಿಯಾಗಿ ಶಾರ್ಲ್ ಮೈಯಾರ್ ದ ತುರ್ನೋನ್ ಎಂಬವರನ್ನು ಕಳುಹಿಸಿದರು. 1703ರ ನವೆಂಬರಿನಲ್ಲಿ ಅವರು ಪಾಂಡಿಚೇರಿಯಲ್ಲಿ ಇಳಿದರು. ಅಲ್ಲಿದ್ದದ್ದು ಎಂಟು ತಿಂಗಳು; ಅದರಲ್ಲಿ ಬಹುಕಾಲ ಅನಾರೋಗ್ಯ. ಮಧುರೆಯನ್ನಾಗಲಿ ಮೈಸೂರನ್ನಾಗಲಿ ಅವರು ಕಾಣಲಿಲ್ಲ. ಒಳನಾಡಿನ ಇಬ್ಬರು ಗುರುಗಳನ್ನು ಪ್ರಶ್ನಿಸಿ, ಅವರ ಉತ್ತರಗಳ ಆಧಾರದ ಮೇಲೆ 1704ರ ಜೂನ್ 23ರಂದು ಹದಿನಾರು ಕಲಮುಗಳ ಆಜ್ಞೆಗೆ ಸಹಿ ಹಾಕಿ, ಜುಲೈನಲ್ಲಿ ಹಡಗು ಹತ್ತಿದರು. ಚೀನಾದಲ್ಲಿ ಇನ್ನೂ ದೊಡ್ಡ ಬಿರುಗಾಳಿಯನ್ನೆಬ್ಬಿಸಿ, 1710ರಲ್ಲಿ ಮಕಾವಿನಲ್ಲಿ ಬಂಧನದಲ್ಲಿದ್ದಂತೆಯೇ ಪಾಪ ತೀರಿಕೊಂಡರು.

ಆ ಹದಿನಾರು ಕಲಮುಗಳಲ್ಲಿ ಮುಖ್ಯವಾದವನ್ನು ತುಸು ನಿಧಾನವಾಗಿ ನೋಡುವುದು ಒಳಿತು. ಜ್ಞಾನಸ್ನಾನದಲ್ಲಿ ಗುರುಗಳು ತಮ್ಮ ಎಂಜಲನ್ನು ಶಿಶುವಿನ ಕಿವಿಮೂಗುಗಳಿಗೆ ಸೋಕಿಸುವ ವಿಧಿಯನ್ನು ಬಿಡಕೂಡದು. ಎಂಜಲೆಂದರೆ ನಮ್ಮ ಜನರ ಮನಸ್ಸಿನಲ್ಲಿ ಏನೇಳುತ್ತದೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಧರ್ಮಪ್ರಚಾರಕರು ಆ ವಿಧಿಯನ್ನು ಸದ್ದಿಲ್ಲದೆ ಬಿಟ್ಟಿದ್ದದ್ದು ಅದಕ್ಕಾಗಿಯೇ. ಸಂತರ ಹೆಸರನ್ನೇ ಇಡಬೇಕು. ಪಿಳ್ಳೈಯಾರ್ ಬಿಂಬವಿರುವ ತಾಳಿ ಕೂಡದು; ಶಿಲುಬೆಯ, ಪ್ರಭುವಿನ ಅಥವಾ ಮಾತೆ ಮರಿಯಮ್ಮನವರ ಗುರುತಿನ ತಾಳಿ ಆಗಬಹುದು. ಅರಿಸಿನ ಹಚ್ಚಿದ ನೂರೆಂಟು ಎಳೆಗಳ ದಾರ ಕೂಡದು. ಮದುವೆಯಲ್ಲಿ ತೆಂಗಿನಕಾಯಿ ಒಡೆದು ಶಕುನ ನೋಡಕೂಡದು. ಹುಡುಗಿ ಮೈನೆರೆದಾಗ ಸಂಭ್ರಮ ಕೂಡದು. ಹಣೆಗೆ ಬೂದಿ ಕೂಡದು. ಕ್ರೈಸ್ತ ವಾದ್ಯಗಾರರು ದೇಗುಲಗಳಲ್ಲಿ ನುಡಿಸಕೂಡದು. ಇವುಗಳಲ್ಲಿ ಕೆಲವು ನ್ಯಾಯವಾದವೇ. ಅನೇಕವು ಬಡವಾದ್ಯಗಾರನ ಹೊಟ್ಟೆಯ ಮೇಲೆ, ಹೆಣ್ಣುಮಗಳ ಸಂತೋಷದ ಮೇಲೆ ಬಿದ್ದ ಪೆಟ್ಟುಗಳು.

ಆದರೆ ಇನ್ನೆರಡು ಕಲಮುಗಳಿವೆ. ಈ ವಿವಾದವನ್ನು ಬರೆದ ಹಲವರು ಅವನ್ನು ಬೇಗ ದಾಟಿಹೋಗುತ್ತಾರೆ. ಮೊದಲನೆಯದು, ಮುಟ್ಟಾದ ಸ್ತ್ರೀಯರನ್ನು ದೇವಾಲಯದಿಂದಾಗಲಿ ಪಾಪನಿವೇದನೆಯಿಂದಾಗಲಿ ದೂರವಿಡಕೂಡದು ಎಂಬುದು. ಎರಡನೆಯದು, ಪರಯರೆಂದು ಕರೆಯಲ್ಪಟ್ಟ ಕ್ರೈಸ್ತರು ಕಾಯಿಲೆ ಬಿದ್ದರೆ ಗುರುಗಳು ಅವರ ಮನೆಗೇ ಹೋಗಿ ಸಂಸ್ಕಾರಗಳನ್ನು ನೀಡಬೇಕು ಎಂಬುದು. ಅಲ್ಲಿಯವರೆಗೆ ನಡೆಯುತ್ತಿದ್ದದ್ದೇನು? ಮೇಲು ಜಾತಿಯವರ ಗುರುವೆನಿಸಿಕೊಂಡವರು ಆ ಗುಡಿಸಲಿನೊಳಗೆ ಕಾಲಿಡುತ್ತಿರಲಿಲ್ಲ. ಸಾಯುವ ಸ್ಥಿತಿಯಲ್ಲಿದ್ದವರನ್ನೇ ಹೊರಗೆ ಹೊತ್ತು ತರಬೇಕಾಗಿತ್ತು. ಗುಡಿಸಲು ಹೊಕ್ಕರೆ ಮೇಲಿನವರೆಲ್ಲ ನಮ್ಮನ್ನು ಬಿಟ್ಟುಹೋಗುತ್ತಾರೆ, ಕಟ್ಟಿದ್ದೆಲ್ಲ ಕುಸಿಯುತ್ತದೆ ಎಂದು ಅವರು ಉತ್ತರಿಸಿದರು. ಆ ಭಯ ಸುಳ್ಳೇನಲ್ಲ. ಆದರೆ ಕುಷ್ಠರೋಗಿಯನ್ನು ಮುಟ್ಟಿದ ಪ್ರಭುವಿನ ಗುರುಗಳು ಸಾಯುತ್ತಿದ್ದ ತಮ್ಮ ಮಗುವಿನ ಹೊಸಿಲಾಚೆ ನಿಂತರೆಂದರೆ, ಆ ಹೊಂದಾಣಿಕೆಯ ಸ್ವಾತಂತ್ರ್ಯ ಯಾರಿಗಾಗಿ ಇತ್ತು? ಬ್ರಾಹ್ಮಣನ ಜನಿವಾರ ಉಳಿಯಿತು. ಅದರ ಬೆಲೆಯನ್ನು ತೆತ್ತವನು ಬೇರೆಯವನು. ದೆ ನೊಬಿಲಿಯವರನ್ನು ನಾವು ಮಹಾಪುರುಷರೆಂದೇ ಎಣಿಸುತ್ತೇವೆ. ಕೆಳಗಿನವರೆಂಬವರ ನಡುವೆ ಕೆಲಸ ಮಾಡಲು 1640ರ ಸುಮಾರಿಗೆ ಪಂಡಾರಸ್ವಾಮಿಗಳೆಂಬ ಬೇರೊಂದು ಪಂಗಡ ಏರ್ಪಟ್ಟಿತೆಂಬುದೂ ನಿಜ. ಆದರೂ ಬೇರೆ ಗುರು, ಬೇರೆ ಬಾಗಿಲು ಎಂಬ ಏರ್ಪಾಡು ಪೌಲರು ಅಂತಿಯೋಕ್ಯದಲ್ಲಿ ಎದುರಿಸಿದ ಅದೇ ಒಡೆದ ಪಂಕ್ತಿ. ಇಲ್ಲಿ ಕಾನೂನು ದುರ್ಬಲನ ಪರವಾಗಿ ನಿಂತಿತು. ಸ್ವಾತಂತ್ರ್ಯ ಬಲ್ಲಿದನ ಪರವಾಗಿ ನಿಂತಿತು. ಇದನ್ನು ಒಪ್ಪದೆ ಈ ಚರಿತ್ರೆಯನ್ನು ಹೇಳುವುದು ಪ್ರಾಮಾಣಿಕವಾಗದು.

ಮುಂದಿನದು ಶೀಘ್ರವಾಗಿ ನಡೆಯಿತು ಎನ್ನುವಂತಿಲ್ಲ. ನಲವತ್ತು ವರ್ಷ ಮನವಿಗಳೂ ಪ್ರತಿಮನವಿಗಳೂ ಓಡಾಡಿದವು. 1739ರಲ್ಲಿ 12ನೆಯ ಕ್ಲೆಮೆಂಟರು ಪ್ರಮಾಣವಚನವನ್ನು ವಿಧಿಸಿದರು. 1744ರ ಸೆಪ್ಟೆಂಬರ್ 12ರಂದು ಜಗದ್ಗುರು 14ನೆಯ ಬೆನೆಡಿಕ್ಟರು ತಮ್ಮ ಶಾಸನದಿಂದ ಎಲ್ಲ ವಾದಕ್ಕೂ ತೆರೆಯೆಳೆದರು. ಎಂಜಲಿನ ವಿಷಯದಲ್ಲಿ ಕೆಲಕಾಲದ ರಿಯಾಯಿತಿ ಸಿಕ್ಕಿತು. ಪರಯರಿಗಾಗಿಯೇ ಪ್ರತ್ಯೇಕ ಗುರುಗಳನ್ನು ನೇಮಿಸುವ ಸಲಹೆಗೂ ಒಪ್ಪಿಗೆ ದೊರೆಯಿತು. ಅಂದರೆ ಹದಿನಾರು ಕಲಮುಗಳಲ್ಲಿ ಅತ್ಯಂತ ಕ್ರಿಸ್ತೀಯವಾದ ಕಲಮೇ ಆಚರಣೆಯಲ್ಲಿ ಸಡಿಲಗೊಂಡಿತು, ಮಿಕ್ಕವು ಬಿಗಿಯಾದವು! ಇನ್ನೊಂದು ವೈಚಿತ್ರ್ಯವನ್ನೂ ಹೇಳಬೇಕು. ಇದೇ ಬೆನೆಡಿಕ್ಟರು 1741ರಲ್ಲಿ, ಜಾನ್ ದೆ ಬ್ರಿಟ್ಟೊರವರು ಈ ಆಚಾರಗಳನ್ನು ಪಾಲಿಸಿದ್ದರೆಂಬುದು ಅವರ ಪುನೀತಪದವಿಗೆ ಅಡ್ಡಿಯಲ್ಲವೆಂದು ತೀರ್ಪಿತ್ತಿದ್ದರು. 1947ರಲ್ಲಿ ಅವರು ಸಂತರೆಂದು ಘೋಷಿಸಲ್ಪಟ್ಟರು.

ನಿಷೇಧಕ್ಕಿಂತ ಹೆಚ್ಚಾಗಿ ಪ್ರಮಾಣವೇ ಹಾನಿ ಮಾಡಿತೆಂಬುದು ನಮ್ಮ ಅಭಿಪ್ರಾಯ. ನಿಯಮವೊಂದು ತಪ್ಪಾದರೆ ತಿದ್ದಬಹುದು. ಆದರೆ ಪ್ರತಿಯೊಬ್ಬ ಗುರುವಿನ ಮನಸ್ಸಾಕ್ಷಿಯನ್ನೇ ಆ ನಿಯಮಕ್ಕೆ ಕಟ್ಟಿಹಾಕಿದರೆ, ಜನರ ನಡುವೆ ಕಂಡದ್ದನ್ನು ಮೇಲಿನವರಿಗೆ ಹೇಳುವವರು ಯಾರು? ಜೆರುಸಲೇಮಿನಲ್ಲಿ ಬರ್ನಬ, ಪೌಲರಿಗೆ ಸಿಕ್ಕ ಅವಕಾಶ ಇಲ್ಲಿ ಇನ್ನೂರು ವರ್ಷ ಇಲ್ಲವಾಯಿತು. ಅಬ್ಬೆ ದ್ಯುಬುವಾರವರನ್ನು ನೋಡಿ. ಶ್ರೀರಂಗಪಟ್ಟಣವು ಪತನವಾದ 1799ರ ನಂತರ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದವರು, ಜನ ದೊಡ್ಡಸ್ವಾಮಿಗಳೆಂದು ಕರೆದವರು, ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದವರು. ದೇಶೀಯ ಉಡುಪು ಧರಿಸಿ, ದೇಶೀಯ ಆಹಾರ ಉಂಡು ಮೂರು ದಶಕ ಬಾಳಿದ ಅವರು 1823ರಲ್ಲಿ ಸ್ವದೇಶಕ್ಕೆ ಹಿಂತಿರುಗಿ, ಭಾರತದ ಕ್ರೈಸ್ತಧರ್ಮದ ಸ್ಥಿತಿಯ ಬಗೆಗೆ ತಮ್ಮ ಪತ್ರಗಳನ್ನು ಪ್ರಕಟಿಸಿದರು. ಧರ್ಮಪ್ರಚಾರ ಕುಂದಿದ ಕಾರಣಗಳಲ್ಲಿ ಈ ನಿಷೇಧವನ್ನೂ ಅವರು ಎಣಿಸಿದ್ದಾರೆ. ಅವರ ನಿರಾಶೆಯನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಆದರೆ ಅಷ್ಟು ಅನುಭವಿ ಗುರು ಅದನ್ನು ಬಹಿರಂಗವಾಗಿ ಹೇಳಲು ದೇಶ ಬಿಟ್ಟ ವರ್ಷದವರೆಗೂ ಕಾಯಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ನಮ್ಮ ಕೊಂಕಣಿ ಬಂಧುಗಳ ಕಥೆ ಇದಕ್ಕಿಂತ ಕಠಿಣ. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ವಿಶ್ವಾಸವಿಚಾರಣೆಯ ನ್ಯಾಯಪೀಠವಿತ್ತು. ಅದರ 1736ರ ಶಾಸನ ಕ್ರೈಸ್ತರ ಮದುವೆಯ ಹಾಡು, ಉಡುಪು, ಹಿತ್ತಲಿನ ತುಳಸಿಗಿಡಗಳವರೆಗೂ ಕೈಚಾಚಿತು. ಹಾಗಿದ್ದೂ ಕನ್ನಡ ಜಿಲ್ಲೆಗೆ ಬಂದು ನೆಲೆಸಿದ ಮನೆಗಳಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವೂ ಅದರ ಹಾಡುಗಳೂ ಇಂದಿಗೂ ಉಳಿದಿವೆ. ಅಜ್ಜಿಯರ ಬಾಯಿಗೆ ಬೀಗ ಹಾಕುವುದು ಯಾವ ನ್ಯಾಯಪೀಠಕ್ಕೂ ಸಾಧ್ಯವಾಗಲಿಲ್ಲ.

1939ರ ಡಿಸೆಂಬರಿನಲ್ಲಿ ಚೀನಾದ ಆಚಾರಗಳ ಬಗೆಗಿನ ಪ್ರಮಾಣವೂ, 1940ರಲ್ಲಿ ನಮ್ಮದೂ ರದ್ದಾದವು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ವಿಶ್ವಾಸಕ್ಕೆ ಸಂಬಂಧಿಸದ ವಿಷಯಗಳಲ್ಲಿ ಧರ್ಮಸಭೆ ಕಟ್ಟುನಿಟ್ಟಿನ ಏಕರೂಪತೆಯನ್ನು ಹೇರಬಯಸುವುದಿಲ್ಲವೆಂದು ಘೋಷಿಸಿತು. 1965ರ ಡಿಸೆಂಬರ್ 7ರಂದು, ಧಾರ್ಮಿಕ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಬಾರದೆಂಬ ಘೋಷಣೆಯನ್ನು ಹೊರಡಿಸಿತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರ ಕೋರಿಕೆಯಂತೆ ಹನ್ನೆರಡು ಅಂಶಗಳ ಹೊಂದಾಣಿಕೆಗೆ ರೋಮಾಪುರಿ ಅನುಮತಿ ನೀಡಿತು: ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿಹಸ್ತ, ಆರತಿ, ಎಣ್ಣೆಯ ದೀಪ ಇತ್ಯಾದಿ. ಬೆಂಗಳೂರಿನ ರಾಷ್ಟ್ರೀಯ ಕೇಂದ್ರದಲ್ಲಿ ಫಾದರ್ ಅಮಲೋರ್ಪವದಾಸ್‌ರವರು ಇದಕ್ಕಾಗಿ ಬಹುವಾಗಿ ಶ್ರಮಿಸಿದರು. ಆಗ ಕೂಗೆಬ್ಬಿಸಿದವರು ಯಾರು? ರೋಮಾಪುರಿಯಲ್ಲ, ನಮ್ಮವರೇ. ದೇವಾಲಯಗಳನ್ನು ದೇಗುಲಗಳಾಗಿ ಮಾಡುತ್ತಿದ್ದಾರೆಂದು ಹಲವು ಭಕ್ತರು ಪ್ರತಿಭಟಿಸಿದರು. ಅವರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇನ್ನೂರು ವರ್ಷ ಪಾಪವೆಂದು ಕಲಿಸಿದ್ದನ್ನು ಒಂದು ಸುತ್ತೋಲೆಯಿಂದ ಪುಣ್ಯವೆಂದು ಒಪ್ಪಿಸಲು ಹೊರಟರೆ ಜನ ಬೆಚ್ಚುವುದು ಸಹಜ. ಬಿಡುಗಡೆಯನ್ನೂ ಆಜ್ಞೆಯ ರೂಪದಲ್ಲೇ ಕಳುಹಿಸುವ ಅಭ್ಯಾಸ ನಮ್ಮಲ್ಲಿ ಉಳಿದುಬಂದಿದೆ.

ಜಾತಿಯ ಬಾಗಿಲುಗಳು ಮಾತ್ರ ಇಷ್ಟು ಬೇಗ ತೆರೆಯಲಿಲ್ಲ. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಲದ ದೇವಾಲಯದಲ್ಲಿ ಜಾತಿಗಳನ್ನು ಬೇರ್ಪಡಿಸಿದ್ದ ತಡೆಯನ್ನು 1910ರ ಸುಮಾರಿಗೆ ತೆಗೆಸಿದಾಗ, ಮೇಲಿನವರೆನಿಸಿಕೊಂಡವರು ಸಂಪ್ರದಾಯದ ಹಕ್ಕೆಂದು ಧರ್ಮಾಧ್ಯಕ್ಷರ ಮೇಲೆ ದಾವೆ ಹೂಡಿದರು. ಮದರಾಸು ಉಚ್ಚ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಇಲ್ಲಿಯೂ ಸಂಪ್ರದಾಯವೆಂಬ ಹೆಸರಿನಲ್ಲಿ ನಿಂತದ್ದು ಬಲಿಷ್ಠ.

ನಮ್ಮ ವಿಚಾರಣೆಗಳಲ್ಲೂ ನಿಯಮಗಳಿವೆ, ಇರಬೇಕು. ಹಬ್ಬದ ವಂತಿಗೆ, ಸ್ಮಶಾನದ ಕಾಣಿಕೆ, ಮದುವೆಗೆ ಮುಂಚಿನ ತರಗತಿ, ಇವಿಲ್ಲದೆ ಯಾವ ಧರ್ಮಕೇಂದ್ರವೂ ನಡೆಯದು. ಆದರೆ ವಂತಿಗೆ ಬಾಕಿಯಿರುವ ಮನೆಯ ಮಗುವಿನ ಜ್ಞಾನಸ್ನಾನವನ್ನು ಮುಂದೂಡಿರೆಂದು ಸಮಿತಿಯವರು ಹೇಳುವ ಊರುಗಳಿವೆ. ಅಂಥ ಸಲಹೆ ಕೊಡುವ ಹಿರಿಯರು ಕೆಟ್ಟವರಲ್ಲ. ಲೆಕ್ಕ ಸರಿಯಿರಬೇಕೆಂಬ ಕಾಳಜಿ ಅವರದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 848ನೆಯ ವಿಧಿಯನ್ನು ಅವರು ದಯವಿಟ್ಟು ಓದಬೇಕು: ನಿಗದಿತ ಕಾಣಿಕೆಗಿಂತ ಹೆಚ್ಚಿನದನ್ನು ಕೇಳಕೂಡದು, ಬಡತನದ ಕಾರಣ ಯಾರೊಬ್ಬರೂ ಸಂಸ್ಕಾರಗಳಿಂದ ವಂಚಿತರಾಗದಂತೆ ಗುರುವು ನೋಡಿಕೊಳ್ಳಬೇಕು. ಇದೂ ಕಾನೂನೇ.

ಕೊನೆಗೆ ಹೆಸರುಗಳ ವಿಷಯ. ತುರ್ನೋನರ ಆಜ್ಞೆ ಸಂತರ ಹೆಸರನ್ನೇ ಇಡಬೇಕೆಂದಿತು. ಜನ ಪಾಲಿಸಿದರು, ತಮ್ಮದೇ ರೀತಿಯಲ್ಲಿ. ಮೈಸೂರು ಸೀಮೆಯ ಹಳೆಯ ಕ್ರೈಸ್ತ ಮನೆತನಗಳ ಹೆಸರುಗಳನ್ನು ನೋಡಿ. ರಾಯಪ್ಪ ಎಂದರೆ ಸಂತ ಪೇತ್ರರು. ತೆಲುಗಿನಲ್ಲಿ ರಾಯಿ ಎಂದರೆ ಕಲ್ಲು, ಪೇತ್ರ ಎಂದರೂ ಬಂಡೆ. ಚಿನ್ನಪ್ಪ ಎಂದರೆ ಸಂತ ಪೌಲರು; ಲತೀನಿನಲ್ಲಿ ಪೌಲ ಎಂದರೆ ಚಿಕ್ಕವನು. ಅರುಳಪ್ಪ ಎಂದರೆ ಯೊವಾನ್ನರು. ಅರುಳ್ ಎಂದರೆ ದೇವರ ಕೃಪೆ. ಶೌರಿಯ ಸಂತ ಫ್ರಾನ್ಸಿಸರು ಚೌರಪ್ಪನಾದರು, ಇಗ್ನೇಷಿಯಸರು ಇನ್ನಾಸಪ್ಪನಾದರು. ಹದಿನಾರು ಕಲಮುಗಳಲ್ಲಿ ಒಂದಕ್ಷರವೂ ಮುರಿಯಲಿಲ್ಲ, ಮನೆಯಲ್ಲಿ ಕರೆಯಲು ನಾಲಿಗೆಗೂ ಕಷ್ಟವಾಗಲಿಲ್ಲ. 1917ರ ಸಂಹಿತೆ, ತಂದೆತಾಯಿ ಬೇರೆ ಹೆಸರನ್ನೇ ಬಯಸಿದರೆ ಗುರುವು ಸಂತರ ಹೆಸರೊಂದನ್ನೂ ಜೊತೆಗೆ ಬರೆಯಬೇಕೆಂದು ವಿಧಿಸಿತ್ತು. 1983ರ ಸಂಹಿತೆ, ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು ಎಂದಷ್ಟೇ ಹೇಳುತ್ತದೆ. ಹಾಗಾಗಿ ಇಂದು ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಕರುಣಾ, ಜ್ಯೋತಿ, ಆನಂದ ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ಅಜ್ಜನ ನೆನಪಿಗೆ ಚೌರಪ್ಪನೆಂದು ಇಡಬಯಸುವವರಿಗೂ ಇಲ್ಲ.